ಆರೋಪ ಹೊತ್ತ ವಿದ್ಯಾರ್ಥಿ ಮತ್ತು ಅಧ್ಯಾಪಕರ ಹೊಣೆ

ಅಧ್ಯಯನದ ಉದ್ದೇಶಗಳು: ವಿಧಿಬದ್ಧ ವಿಚಾರಣೆಯ ಅರ್ಥವನ್ನು ಗ್ರಹಿಸುವುದು, ಆರೋಪಕ್ಕೂ ಅಪರಾಧಕ್ಕೂ ಇರುವ ಅಂತರವನ್ನು ತಿಳಿಯುವುದು, ವಿದ್ಯಾರ್ಥಿಯ ಮೇಲೆ ಆರೋಪ ಬಂದಾಗ ಅಧ್ಯಾಪಕರು ನಡೆದುಕೊಳ್ಳಬೇಕಾದ ರೀತಿಯನ್ನು ಚರ್ಚಿಸುವುದು.

1. ಪೀಠಿಕೆ

ಜಳಕೋಟದಂಥ ಗಡಿಯೂರಿನಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ಮೊದಲು ಊಹಿಸಿಕೊಳ್ಳಬಹುದು. ಸಂತೆಯ ದಿನ ಅಂಗಡಿಯೊಂದರಲ್ಲಿ ಮೊಬೈಲ್ ಕಳುವಾಗುತ್ತದೆ. ಹತ್ತನೆಯ ಇಯತ್ತೆಯಲ್ಲಿ ಓದುತ್ತಿರುವ ಹದಿನಾರು ವರ್ಷದ ಹುಡುಗನ ಮೇಲೆ ಅನುಮಾನ ಬೀಳುತ್ತದೆ. ಸಂಜೆಯ ಹೊತ್ತಿಗೆ ಅನುಮಾನವು ಸುದ್ದಿಯಾಗಿ, ರಾತ್ರಿಯ ಹೊತ್ತಿಗೆ ಸುದ್ದಿಯೇ ತೀರ್ಪಾಗಿರುತ್ತದೆ. ಮರುದಿನ ಶಿಕ್ಷಕರ ಕೊಠಡಿಯಲ್ಲಿ ಒಬ್ಬರು, "ಶಾಲೆಯ ಹೆಸರು ಕೆಡುವ ಮೊದಲು ಅವನ ಹೆಸರನ್ನು ಹಾಜರಿಪಟದಿಂದ ತೆಗೆಯಿರಿ" ಎನ್ನುತ್ತಾರೆ. ಇನ್ನೊಬ್ಬರು, "ನಮ್ಮ ಹುಡುಗ ಅಂಥವನಲ್ಲ, ದೂರು ಕೊಟ್ಟವರೇ ಸುಳ್ಳರು" ಎನ್ನುತ್ತಾರೆ.

ಈ ಇಬ್ಬರ ಮಾತೂ ಒಂದಕ್ಕೊಂದು ವಿರುದ್ಧವೆಂದು ತೋರುತ್ತದೆ. ಆದರೆ ಇಬ್ಬರೂ ಒಂದೇ ತಪ್ಪನ್ನು ಮಾಡಿದ್ದಾರೆ. ವಿಚಾರಣೆ ನಡೆಯುವ ಮೊದಲೇ ತೀರ್ಪು ಕೊಟ್ಟಿದ್ದಾರೆ. ಹುಡುಗನನ್ನು ಕೈಬಿಡದೆ, ಅಂಗಡಿಯವನನ್ನು ಹಳಿಯದೆ, ಸತ್ಯವು ಹೊರಬರುವ ದಾರಿಯನ್ನು ಕಾಯುವ ಮೂರನೆಯ ನಿಲುವೊಂದಿದೆ. ಈ ಪಾಠದ ವಿಷಯ ಆ ನಿಲುವು.

2. ವಿಧಿಬದ್ಧ ವಿಚಾರಣೆ ಎಂದರೇನು?

ಭಾರತದ ಸಂವಿಧಾನದ 21ನೆಯ ಅನುಚ್ಛೇದದಂತೆ, ಕಾನೂನು ವಿಧಿಸಿದ ಕ್ರಮವನ್ನು ಬಿಟ್ಟು ಬೇರಾವ ರೀತಿಯಲ್ಲಿಯೂ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ. 22ನೆಯ ಅನುಚ್ಛೇದವು ಬಂಧಿತನಿಗೆ ಮೂರು ರಕ್ಷಣೆಗಳನ್ನು ನೀಡುತ್ತದೆ: ಬಂಧನದ ಕಾರಣವನ್ನು ತಿಳಿಯುವುದು, ತಾನು ಆರಿಸಿಕೊಂಡ ವಕೀಲನನ್ನು ಕಾಣುವುದು, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂದು 20ನೆಯ ಅನುಚ್ಛೇದವು ಹೇಳುತ್ತದೆ. ಬಡತನದ ಕಾರಣದಿಂದ ಯಾರೂ ನ್ಯಾಯವಂಚಿತರಾಗಬಾರದೆಂಬ 39-ಎ ಅನುಚ್ಛೇದವು 1976ರ ತಿದ್ದುಪಡಿಯಿಂದ ಸೇರಿತು. ಅದನ್ನು ಕಾರ್ಯಗತಗೊಳಿಸಲು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು ಬಂದಿತು.

ಈ ರಕ್ಷಣೆಗಳಲ್ಲಿ ಯಾವುದೂ ನಿರಪರಾಧಿಗೆ ಮಾತ್ರ ಮೀಸಲಾಗಿಲ್ಲ. ಯಾರು ನಿರಪರಾಧಿ ಎಂಬುದು ವಿಚಾರಣೆಯ ಕೊನೆಗೆ ತಿಳಿಯಬೇಕಾದ ಸಂಗತಿ. ರಕ್ಷಣೆ ಬೇಕಾಗುವುದು ಮೊದಲ ದಿನದಿಂದ.

3. ಹುಬ್ಬಳ್ಳಿಯ ಪ್ರಕರಣ

ಈ ತತ್ತ್ವವನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಕರ್ನಾಟಕದ ಒಂದು ಪ್ರಕರಣದಿಂದ ಸ್ಪಷ್ಟವಾಗುತ್ತದೆ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ಒಂದು ವಿಡಿಯೋದ ಕಾರಣ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಪೊಲೀಸರು ಮೊದಲು ಅವರನ್ನು ಮುಚ್ಚಳಿಕೆಯ ಮೇಲೆ ಬಿಟ್ಟರು; ಜನರ ಆಕ್ರೋಶ ಎದ್ದ ಮೇಲೆ ಮತ್ತೆ ಬಂಧಿಸಿದರು. ಹುಬ್ಬಳ್ಳಿಯ ವಕೀಲರ ಸಂಘವು ಆ ವಿದ್ಯಾರ್ಥಿಗಳ ಪರವಾಗಿ ತನ್ನ ಸದಸ್ಯರಾರೂ ನಿಲ್ಲಬಾರದೆಂದು ಗೊತ್ತುವಳಿ ಮಾಡಿತು. ತಮ್ಮ ಊರಿನಿಂದ ಬಹುದೂರದಲ್ಲಿ, ಸ್ಥಳೀಯ ಭಾಷೆಯ ಪರಿಚಯವೂ ಸಾಲದಿದ್ದ ವಿದ್ಯಾರ್ಥಿಗಳಿಗೆ ಜಾಮೀನಿನ ಅರ್ಜಿಯನ್ನು ಸಲ್ಲಿಸುವುದೇ ದುಸ್ತರವಾಯಿತು.

ಆಗ ಬೆಂಗಳೂರಿನ ಕೆಲವು ವಕೀಲರು ಈ ಗೊತ್ತುವಳಿಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಹೈಕೋರ್ಟು ಅದನ್ನು ಕಟುವಾಗಿ ಆಕ್ಷೇಪಿಸಿ, ಆರೋಪಿಗಳ ಪರವಾಗಿ ಬರುವ ವಕೀಲರಿಗೆ ರಕ್ಷಣೆ ಒದಗಿಸುವಂತೆ ಪೊಲೀಸರಿಗೆ ಸೂಚಿಸಿತು. ಇಂಥ ಗೊತ್ತುವಳಿಗಳಿಗೆ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ, ತಮಿಳುನಾಡಿನ ಎ. ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ, ತೀರ್ಪಿತ್ತಿತ್ತು. 2020ರ ಜೂನ್‌ನಲ್ಲಿ ವಿದ್ಯಾರ್ಥಿಗಳಿಗೆ ಜಾಮೀನು ದೊರೆಯಿತು. ಪೊಲೀಸರು ನಿಗದಿತ 90 ದಿನಗಳೊಳಗೆ ಆರೋಪಪಟ್ಟಿಯನ್ನು ಸಲ್ಲಿಸದೆ ಇದ್ದುದು ಅದಕ್ಕೆ ಕಾರಣ.

ವಿದ್ಯಾರ್ಥಿಗಳು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಆ ವಕೀಲರು ತೀರ್ಮಾನಿಸಲು ಹೋಗಲಿಲ್ಲ. ನ್ಯಾಯಾಲಯದ ಬಾಗಿಲು ಅವರ ಪಾಲಿಗೆ ಮುಚ್ಚದಂತೆ ನೋಡಿಕೊಂಡರು.

4. ಅಧ್ಯಾಪಕರು ಮುಂದೆ ಬಂದಾಗ

ವಕೀಲರಿಗೆ ಇದು ವೃತ್ತಿಧರ್ಮ. ಅಧ್ಯಾಪಕರಿಗೂ ಇಂಥ ಧರ್ಮವಿದೆಯೆ? ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯಕ್ಕೆ ಈ ಪ್ರಶ್ನೆ 2008ರ ಸೆಪ್ಟೆಂಬರಿನಲ್ಲಿ ಎದುರಾಯಿತು. ನಗರದಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆದು, ಬಾಟ್ಲಾ ಹೌಸ್ ಬಡಾವಣೆಯ ಪೊಲೀಸ್ ಕಾರ್ಯಾಚರಣೆಯ ಬಳಿಕ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ಬಂಧನವಾಯಿತು. ಇತಿಹಾಸಕಾರರೂ ಆಗಿದ್ದ ಕುಲಪತಿ ಮುಶೀರುಲ್ ಹಸನ್ ಅವರು, ಆ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯವು ಕಾನೂನು ನೆರವು ನೀಡುವುದೆಂದು ಘೋಷಿಸಿದರು. ಭಯೋತ್ಪಾದನೆಗೆ ಬೆಂಬಲವೆಂಬ ಟೀಕೆ ಎದ್ದಿತು. ಅಪರಾಧ ಸಿದ್ಧವಾಗುವವರೆಗೆ ಆರೋಪಿಯನ್ನು ನಿರಪರಾಧಿಯೆಂದೇ ಎಣಿಸಬೇಕೆಂಬ ನಿಯಮವನ್ನು ಅವರು ಬಿಟ್ಟುಕೊಡಲಿಲ್ಲ. ಅಲ್ಲಿಯ ಅಧ್ಯಾಪಕರು ಒಂದು ಸಂಘವನ್ನು ಕಟ್ಟಿಕೊಂಡು, ಭಯೋತ್ಪಾದನೆಯ ಆರೋಪ ಹೊತ್ತು ಕೊನೆಗೆ ನ್ಯಾಯಾಲಯಗಳಿಂದ ಬಿಡುಗಡೆಯಾದವರ 16 ಪ್ರಕರಣಗಳನ್ನು ಪರಿಶೀಲಿಸಿ 2012ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅವರು ಆಧಾರವಾಗಿ ಇಟ್ಟುಕೊಂಡದ್ದು ನ್ಯಾಯಾಲಯಗಳ ತೀರ್ಪುಗಳನ್ನು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣವು ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತದೆ. 2006ರ ಮಾರ್ಚ್‌ನಲ್ಲಿ, ಲಕ್ರಾಸ್ ಎಂಬ ಆಟದ ತಂಡದವರು ನಡೆಸಿದ ಕೂಟವೊಂದರಲ್ಲಿ ತನ್ನ ಮೇಲೆ ಅತ್ಯಾಚಾರವಾಯಿತೆಂದು ಮಹಿಳೆಯೊಬ್ಬಳು ದೂರಿತ್ತಳು. ಮೂವರು ವಿದ್ಯಾರ್ಥಿಗಳ ಮೇಲೆ ಆರೋಪ ಬಂತು. 88 ಮಂದಿ ಅಧ್ಯಾಪಕರ ಹೆಸರಿನಲ್ಲಿ ಪ್ರಕಟವಾದ ಜಾಹೀರಾತೊಂದನ್ನು ಅನೇಕರು ಆ ವಿದ್ಯಾರ್ಥಿಗಳ ವಿರುದ್ಧದ ತೀರ್ಪೆಂದೇ ಓದಿಕೊಂಡರು. ಆದರೆ ಅಲ್ಲಿಯ ಕಾನೂನು ಪ್ರಾಧ್ಯಾಪಕ ಜೇಮ್ಸ್ ಕೋಲ್ಮನ್ ಬೇರೆ ದಾರಿ ಹಿಡಿದರು. ತಂಡದ ನಡತೆಯನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರಾಗಿ ಅವರು ಆಟಗಾರರ ಕುಡಿತವನ್ನೂ ಅದರಿಂದಾದ ದುರ್ವರ್ತನೆಯನ್ನೂ ನಿಷ್ಠುರವಾಗಿ ಎತ್ತಿ ತೋರಿಸಿದರು. ಅದೇ ಕೋಲ್ಮನ್, ಆರೋಪಿಗಳನ್ನು ಗುರುತಿಸಲು ಪೊಲೀಸರು ತಂಡದ ಆಟಗಾರರ ಭಾವಚಿತ್ರಗಳನ್ನಷ್ಟೇ ತೋರಿಸಿದ್ದನ್ನು ಬಹಿರಂಗವಾಗಿ ಖಂಡಿಸಿದರು. ಯಾವ ಚಿತ್ರಕ್ಕೆ ಬೆರಳಿಟ್ಟರೂ ಅದು ಶಂಕಿತನದೇ ಆಗುವಾಗ, ಗುರುತಿಸುವಿಕೆಗೆ ಬೆಲೆಯೇನು? 2007ರ ಆರಂಭದಲ್ಲಿ ಅರ್ಥಶಾಸ್ತ್ರ ವಿಭಾಗದ 17 ಮಂದಿ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ನ್ಯಾಯಯುತ ನಡವಳಿಕೆ ಸಲ್ಲಬೇಕೆಂದು ಪತ್ರ ಬರೆದರು. ಆ ವರ್ಷದ ಏಪ್ರಿಲ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಮೂವರನ್ನೂ ನಿರಪರಾಧಿಗಳೆಂದು ಸಾರಿದರು. ಮೊಕದ್ದಮೆ ಹೂಡಿದ್ದ ಸರಕಾರಿ ವಕೀಲರು ಸನದನ್ನು ಕಳೆದುಕೊಂಡರು.

5. ನೊಂದವರ ಪಕ್ಷ

ಇಷ್ಟನ್ನು ಓದಿದ ಶಿಕ್ಷಕರಲ್ಲಿ ಒಂದು ಸಂದೇಹ ಏಳುವುದು ಸಹಜ. ಆರೋಪಿಯ ಹಕ್ಕುಗಳನ್ನೇ ಎಣಿಸುತ್ತ ಹೋದರೆ ನೊಂದವರ ಗತಿಯೇನು? ಈ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಕೂಡಿಸಿ ಓದಬೇಕು.

ಮೊದಲನೆಯದು 1962ರ ಘನಶ್ಯಾಮ ದಾಸ್ ಗುಪ್ತ ಪ್ರಕರಣ. ಪರೀಕ್ಷೆಯಲ್ಲಿ ನಕಲು ಮಾಡಿದರೆಂದು ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯು ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು, ಅವರ ಮಾತನ್ನು ಕೇಳದೆಯೇ, ರದ್ದುಪಡಿಸಿತ್ತು. ವಿದ್ಯಾರ್ಥಿಯ ಭವಿಷ್ಯವನ್ನು ಕೆಡಿಸಬಲ್ಲ ಇಂಥ ನಿರ್ಣಯಕ್ಕೆ ಮುನ್ನ ಅವನ ಉತ್ತರವನ್ನು ಕೇಳಲೇಬೇಕೆಂದು ನ್ಯಾಯಾಲಯವು ಹೇಳಿತು.

ಎರಡನೆಯದು 1973ರ ಹೀರಾನಾಥ ಮಿಶ್ರ ಪ್ರಕರಣ. ರಾಂಚಿಯ ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ರಾತ್ರಿ ವಿದ್ಯಾರ್ಥಿನಿಯರ ವಸತಿಗೃಹಕ್ಕೆ ನುಗ್ಗಿ ಅಸಭ್ಯವಾಗಿ ವರ್ತಿಸಿದರೆಂದು ವಿದ್ಯಾರ್ಥಿನಿಯರು ದೂರಿತ್ತರು. ಮೂವರು ಅಧ್ಯಾಪಕರ ಸಮಿತಿಯು ದೂರುದಾರರ ಹೇಳಿಕೆಗಳನ್ನು ಆರೋಪಿಗಳ ಗೈರುಹಾಜರಿಯಲ್ಲಿ ಪಡೆಯಿತು; ಎದುರಿಗೆ ನಿಲ್ಲಿಸಿದ್ದರೆ ಆ ಹುಡುಗಿಯರು ಬೆದರಿಕೆಗೆ ಗುರಿಯಾಗುವ ಸಂಭವವಿತ್ತು. ಆರೋಪಿಗಳ ಭಾವಚಿತ್ರಗಳನ್ನು ಇತರರ ಭಾವಚಿತ್ರಗಳೊಡನೆ ಬೆರೆಸಿ ತೋರಿಸಿತು. ಆರೋಪವನ್ನು ಬರವಣಿಗೆಯಲ್ಲಿ ಕೊಟ್ಟು, ಉತ್ತರಿಸಲು ಅವಕಾಶವನ್ನಿತ್ತಿತು. ಕಾಲೇಜು ಅವರನ್ನು ಎರಡು ಶೈಕ್ಷಣಿಕ ವರ್ಷಗಳ ಮಟ್ಟಿಗೆ ಹೊರಹಾಕಿದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಡ್ಯೂಕ್ ಪ್ರಕರಣದ ಪೊಲೀಸರು ಮಾಡದಿದ್ದ ಕೆಲಸವನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳ ಮೊದಲು ರಾಂಚಿಯ ಮೂವರು ಅಧ್ಯಾಪಕರು ಮಾಡಿದ್ದರು. ನೊಂದವರಿಗೆ ರಕ್ಷಣೆಯೂ ಸಿಕ್ಕಿತು, ಆರೋಪಿಗಳಿಗೆ ಉತ್ತರಿಸುವ ಅವಕಾಶವೂ ಸಿಕ್ಕಿತು. ಅದರಿಂದಲೇ ಶಿಕ್ಷೆ ಗಟ್ಟಿಯಾಗಿ ನಿಂತಿತು. ಕ್ರಮ ತಪ್ಪಿ ವಿಧಿಸಿದ ಶಿಕ್ಷೆಯು ಮೇಲಿನ ನ್ಯಾಯಾಲಯದಲ್ಲಿ ಬಿದ್ದುಹೋದಾಗ, ಮೊದಲು ನಷ್ಟವಾಗುವುದು ನೊಂದವರಿಗೇ.

6. ಗಡಿಭಾಗದಲ್ಲಿ ಭಾಷೆಯ ಪ್ರಶ್ನೆ

ಉದಗೀರ ಮತ್ತು ನಿಲಂಗಾ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದರೂ ಮನೆಮಾತುಗಳು ಗಡಿರೇಖೆಯಂತೆ ಬೇರ್ಪಡಲಿಲ್ಲ. ಮನೆಯಲ್ಲಿ ಕನ್ನಡವಾಡುವ ತಾಯಿಯ ಕೈಗೆ ಮಗನ ಬಗೆಗಿನ ಕಾಗದವು ಮರಾಠಿಯಲ್ಲಿ ಬಂದಾಗ, "ಇದರಲ್ಲಿ ಏನು ಬರೆದಿದೆ, ಗುರುಗಳೆ?" ಎಂದು ಆಕೆ ಕೇಳಿಕೊಂಡು ಬರುವುದು ಶಾಲೆಗೆ.

ಇಲ್ಲಿ ಮಹಾರಾಷ್ಟ್ರದ್ದೇ ಆದ ಒಂದು ತೀರ್ಪನ್ನು ನೆನೆಯಬೇಕು. ಮುಂಜಾಗ್ರತಾ ಬಂಧನದಲ್ಲಿದ್ದ ನಾಗಪುರದ ಹರಿಕಿಸನ್ ಎಂಬವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಆ ಭಾಷೆ ಬಾರದು, ಹಿಂದಿಯಲ್ಲಿ ಕೊಡಿರೆಂದು ಅವರು ಬೇಡಿದರೂ ಸರಕಾರ ಒಪ್ಪಲಿಲ್ಲ. ಬಂಧಿತನಿಗೆ ಅರ್ಥವಾಗದ ಭಾಷೆಯಲ್ಲಿ ಕಾರಣ ತಿಳಿಸುವುದು ತಿಳಿಸಿದಂತಾಗದೆಂದು ಸುಪ್ರೀಂ ಕೋರ್ಟು 1962ರಲ್ಲಿ ನಿರ್ಣಯಿಸಿ ಬಂಧನವನ್ನು ರದ್ದುಪಡಿಸಿತು. ಆರೋಪಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ದಂಡ ಪ್ರಕ್ರಿಯೆಯ ನಿಯಮವೂ ಆಗಿದೆ. ಎರಡು ಭಾಷೆಗಳನ್ನು ಬಲ್ಲ ಶಿಕ್ಷಕರು ಕಾಗದವನ್ನು ಇದ್ದಂತೆಯೇ ಓದಿ ಹೇಳಿದರೆ ಸಾಕು, ನ್ಯಾಯದ ಮೊದಲ ಮೆಟ್ಟಿಲನ್ನು ಆ ಕುಟುಂಬವು ಹತ್ತಿದಂತಾಗುತ್ತದೆ.

7. ಶಾಲೆಯ ಮಟ್ಟದಲ್ಲಿ ಶಿಕ್ಷಕರ ಕರ್ತವ್ಯ

ಹದಿನೆಂಟು ತುಂಬದ ಮಕ್ಕಳಿಗೆ 2015ರ ಬಾಲ ನ್ಯಾಯ ಅಧಿನಿಯಮವು ಅನ್ವಯಿಸುತ್ತದೆ. ಆ ಮೇರೆಗೆ:

ಅ) ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ; 24 ಗಂಟೆಗಳೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಶಿಕ್ಷಕರು ಪಾಲಕರಿಗೆ ಇದನ್ನು ತಕ್ಷಣ ತಿಳಿಸಬೇಕು.

ಆ) ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರಗಳನ್ನು ಪ್ರಕಟಿಸುವುದು ನಿಷಿದ್ಧ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿಯೂ ಆ ಹೆಸರು ಹರಿದಾಡಬಾರದು.

ಇ) ಮಕ್ಕಳೂ ಸ್ತ್ರೀಯರೂ ಬಂಧನದಲ್ಲಿರುವವರೂ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ತಾಲೂಕಿನ ಕಾನೂನು ಸೇವಾ ಸಮಿತಿ, 15100 ಮತ್ತು ಮಕ್ಕಳ ಸಹಾಯವಾಣಿ 1098, ಈ ಮೂರರ ಮಾಹಿತಿಯನ್ನು ಶಾಲೆಯ ಫಲಕದಲ್ಲಿ ಬರೆದಿಡಬೇಕು.

ಈ) ವಿಚಾರಣೆಯ ಅವಧಿಯಲ್ಲಿ ಮಗುವಿನ ಓದು ನಿಲ್ಲದಂತೆ, ದೂರು ಕೊಟ್ಟ ಕುಟುಂಬದ ಮಕ್ಕಳೂ ಅವಮಾನಕ್ಕೆ ಗುರಿಯಾಗದಂತೆ ನೋಡಿಕೊಳ್ಳಬೇಕು.

ಈ ನಿಯಮಗಳು ಕಾಗದದಲ್ಲಿಯೇ ಉಳಿದರೆ ಏನಾಗುವುದೆಂಬುದಕ್ಕೆ ಉದಗೀರದ ನೆರೆಯ ಬೀದರವೇ ನಿದರ್ಶನ. 2020ರ ಜನವರಿಯಲ್ಲಿ ಅಲ್ಲಿಯ ಶಾಲೆಯೊಂದರ ಮಕ್ಕಳು ಆಡಿದ ನಾಟಕದ ಕಾರಣ ರಾಜದ್ರೋಹದ ಮೊಕದ್ದಮೆ ದಾಖಲಾಗಿ, ಮುಖ್ಯಾಧ್ಯಾಪಕಿಯೂ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಬಂಧಿತರಾದರು. ಸಮವಸ್ತ್ರ ಧರಿಸಿದ ಪೊಲೀಸರು, ಕೆಲವರು ಶಸ್ತ್ರಸಹಿತರಾಗಿ, ಮಕ್ಕಳನ್ನು ಪ್ರಶ್ನಿಸಿದರು. ಇದು ಮೇಲ್ನೋಟಕ್ಕೆ ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆಯೆಂದು ಕರ್ನಾಟಕ ಹೈಕೋರ್ಟು 2021ರಲ್ಲಿ ಹೇಳಿತು. 2023ರಲ್ಲಿ ಮೊಕದ್ದಮೆಯನ್ನೇ ರದ್ದುಪಡಿಸಿತು. ತೀರ್ಪು ಬರಲು ಮೂರು ವರ್ಷಗಳು ಹಿಡಿದವು. ಪ್ರಶ್ನೆಗಳನ್ನು ಎದುರಿಸಿದ ಮಕ್ಕಳಿಗೆ ಆ ವರ್ಷಗಳು ಮರಳಿ ಬರುವುದಿಲ್ಲ.

ಪೀಠಿಕೆಯ ಹುಡುಗನು ಮೊಬೈಲ್ ಕದ್ದನೋ ಇಲ್ಲವೋ ಎಂಬುದನ್ನು ಮಂಡಳಿಯು ನಿರ್ಣಯಿಸಲಿ. ಅಲ್ಲಿಯವರೆಗೆ ಹಾಜರಿಪಟದಲ್ಲಿ ಅವನ ಹೆಸರು ಇರಬೇಕು. ದಿನವೂ ಹೆಸರು ಕೂಗುವ ಗುರುಗಳ ದನಿಯಲ್ಲಿ ನಿನ್ನೆಗೂ ಇಂದಿಗೂ ವ್ಯತ್ಯಾಸವಿರಬಾರದು.

ಚರ್ಚೆಗೆ ಪ್ರಶ್ನೆಗಳು

1. ಪೀಠಿಕೆಯಲ್ಲಿ ಬಂದ ಇಬ್ಬರು ಶಿಕ್ಷಕರ ಮಾತುಗಳಲ್ಲಿ ಸಮಾನವಾದ ದೋಷ ಯಾವುದು?

2. ರಾಂಚಿಯ ಸಮಿತಿಯು ಆರೋಪಿಗಳಿಗೂ ದೂರುದಾರರಿಗೂ ನ್ಯಾಯ ಒದಗಿಸಿದ ಬಗೆಯನ್ನು ವಿವರಿಸಿರಿ.

3. ನಕಲು ಮಾಡಿದನೆಂಬ ಆರೋಪ ಬಂದಾಗ ನಿಮ್ಮ ಶಾಲೆಯಲ್ಲಿ ಅನುಸರಿಸುವ ಕ್ರಮವೇನು? ಅದರಲ್ಲಿ ವಿದ್ಯಾರ್ಥಿಯ ಉತ್ತರವನ್ನು ಕೇಳುವ ಹಂತ ಯಾವುದು?

4. ಮರಾಠಿಯಲ್ಲಿರುವ ಒಂದು ಸರಕಾರಿ ನೋಟೀಸನ್ನು ಆರಿಸಿಕೊಂಡು, ಪಾಲಕರಿಗೆ ತಿಳಿಯುವಂತೆ ಸರಳ ಕನ್ನಡದಲ್ಲಿ ಬರೆಯಿರಿ.