ಎಣ್ಣೆ ಡಬ್ಬಿಯ ಅಕ್ಷರಮಾಲೆ



ಕನ್ನಡದಲ್ಲಿ 'ಕೀಲೆಣ್ಣೆ' ಎಂಬ ಪದವಿದೆ. ಎತ್ತಿನ ಗಾಡಿಯ ಗಾಲಿ ಸರಾಗವಾಗಿ ಉರುಳಲೆಂದು ಅಚ್ಚಿಗೆ ಹಚ್ಚುವ ಎಣ್ಣೆಯೇ ಕೀಲೆಣ್ಣೆ. ಇದಕ್ಕೆ ಹರಳೆಣ್ಣೆಯನ್ನು ಬಳಸುವುದಿತ್ತು. ಮೊದಮೊದಲ ಕಾರು ಮತ್ತು ವಿಮಾನದ ಎಂಜಿನ್ನುಗಳಿಗೂ ಹರಳೆಣ್ಣೆ ಹಾಕುತ್ತಿದ್ದರು. 'ಕ್ಯಾಸ್ಟ್ರಾಲ್' ಎಂಬ ಹೆಸರು ಬಂದದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಾದ 'ಕ್ಯಾಸ್ಟರ್ ಆಯಿಲ್'ನಿಂದಲೇ. ಗಾಡಿಯ ಅಚ್ಚು ತಲೆಮಾರುಗಳ ಕಾಲ ಹೆಚ್ಚು ಬದಲಾಗಲಿಲ್ಲ. ಹಾಗಾಗಿ ಕೀಲೆಣ್ಣೆಯೂ ಬದಲಾಗಬೇಕಾಗಲಿಲ್ಲ. ಎಂಜಿನ್ ಮಾತ್ರ ಬದಲಾಗುತ್ತಲೇ ಇದೆ. ಅದರ ಜೊತೆಗೆ ಎಣ್ಣೆಯ ನಿಯಮಗಳೂ ಬದಲಾಗಿವೆ. ಆ ಬದಲಾವಣೆಯನ್ನು ಎಣ್ಣೆ ಡಬ್ಬಿಯ ಮೇಲಿನ ಅಂಕಿ ಮತ್ತು ಅಕ್ಷರಗಳಲ್ಲಿ ಓದಬಹುದು.

ಎಣ್ಣೆಯ ಕೆಲಸಗಳು

ಎಂಜಿನ್ ಆಯಿಲ್ ಭಾಗಗಳ ನಡುವಿನ ತಿಕ್ಕಾಟವನ್ನು ಕಡಿಮೆ ಮಾಡುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ, ಮಸಿ ಮತ್ತು ಕೊಳೆ ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ, ತುಕ್ಕನ್ನು ತಡೆಯುತ್ತದೆ. ಇವೆಲ್ಲಕ್ಕೂ ಬರೀ ಎಣ್ಣೆ ಸಾಲದು. ಅದಕ್ಕೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ.

ಅಂಕಿ ಹೇಳುವುದೇನು?

ಡಬ್ಬಿಯ ಮೇಲೆ '5ಡಬ್ಲ್ಯು-30' ಎಂದಿರುವುದನ್ನು ನೋಡಿರುತ್ತೀರಿ. ಇದು ಎಣ್ಣೆ ಎಷ್ಟು ಗಟ್ಟಿ, ಎಷ್ಟು ತೆಳು ಎಂಬ ಲೆಕ್ಕ. ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಈ ವರ್ಗೀಕರಣವನ್ನು 1911ರಲ್ಲಿ ಆರಂಭಿಸಿತು. ಇಲ್ಲಿ 'ಡಬ್ಲ್ಯು' ಎಂದರೆ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಎರಡನೆಯ ಅಂಕಿ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಎಷ್ಟು ಗಟ್ಟಿ ಇರುತ್ತದೆ ಎಂಬುದನ್ನು ತಿಳಿಸುತ್ತದೆ.

ಅಕ್ಷರ ಹೇಳುವುದೇನು?

ಎಣ್ಣೆಯ ಗುಣಮಟ್ಟವನ್ನು ಅಕ್ಷರಗಳು ಹೇಳುತ್ತವೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, 1947ರಲ್ಲಿ ಎಣ್ಣೆಗಳನ್ನು ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಎಂದು ಮೂರೇ ಬಗೆಯಾಗಿ ವಿಂಗಡಿಸಿತ್ತು. ಆಮೇಲೆ ಅಕ್ಷರಗಳ ಪದ್ಧತಿ ಬಂತು. ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ 'ಎಸ್', ಡೀಸೆಲ್ ಎಂಜಿನ್ನಿನದಕ್ಕೆ 'ಸಿ' ಮೊದಲಕ್ಷರ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು. ಎಸ್‌ಎ, ಎಸ್‌ಬಿ, ಎಸ್‌ಸಿ ಎಂದು ಆರಂಭವಾದ ಸಾಲು 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ, 2025ರಲ್ಲಿ ಎಸ್‌ಕ್ಯೂವರೆಗೆ ಬಂದಿದೆ. ನಡುವೆ ಐ, ಕೆ, ಒ ಅಕ್ಷರಗಳನ್ನು ಬಿಟ್ಟಿದ್ದಾರೆ.

ಹೊಸ ಎಂಜಿನ್, ಹೊಸ ತೊಂದರೆ

ಪ್ರತಿಯೊಂದು ಹೊಸ ದರ್ಜೆಯ ಹಿಂದೆ ಒಂದು ಕಾರಣವಿರುತ್ತದೆ. ಮೂರು ಉದಾಹರಣೆ ನೋಡೋಣ.

1. ಭಾಗಗಳ ಸವೆತ ತಡೆಯಲು ಎಣ್ಣೆಗೆ ಸತು ಮತ್ತು ರಂಜಕ ಇರುವ ರಾಸಾಯನಿಕವನ್ನು ಸೇರಿಸುತ್ತಾರೆ. ಆದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಇದೇ ರಂಜಕ ಹಾಳು ಮಾಡುತ್ತದೆ. ಆದ್ದರಿಂದ 2004ರ ಎಸ್‌ಎಂ ದರ್ಜೆಯಲ್ಲಿ 5ಡಬ್ಲ್ಯು-30ರಂಥ ತೆಳು ಎಣ್ಣೆಗಳಿಗೆ ರಂಜಕ ಶೇಕಡಾ 0.08ನ್ನು ಮೀರಬಾರದೆಂದು ಮಿತಿ ಹಾಕಿದರು.

2. ಡೀಸೆಲ್ ವಾಹನಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಮಸಿಯನ್ನು ಸುಟ್ಟು ತೆಗೆಯಬಹುದು. ಎಣ್ಣೆ ಉರಿದು ಉಳಿಯುವ ಬೂದಿಯನ್ನು ಹಾಗೆ ಸುಡಲಾಗದು, ಅದು ಫಿಲ್ಟರಿನಲ್ಲೇ ಕಟ್ಟಿಕೊಳ್ಳುತ್ತದೆ. ಇದಕ್ಕಾಗಿ 2006ರಲ್ಲಿ ಬೂದಿ ಕಡಿಮೆ ಇರುವ ಸಿಜೆ-4 ದರ್ಜೆ ಬಂತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಅಲ್ಲಿನ ಡೀಸೆಲ್ ಕಾರುಗಳಲ್ಲೂ ಇಂಥ ಫಿಲ್ಟರ್ ಸಾಮಾನ್ಯವಾಗಿದೆ.

3. ಪೆಟ್ರೋಲ್ ಉಳಿಸಲು ಚಿಕ್ಕ ಎಂಜಿನ್ನಿಗೆ ಟರ್ಬೊ ಜೋಡಿಸಿದರು. ಇಂಥ ಎಂಜಿನ್ನಿನಲ್ಲಿ ವೇಗ ಕಡಿಮೆ ಇದ್ದು ಭಾರ ಹೆಚ್ಚಿದ್ದಾಗ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುವುದುಂಟು. ಪಿಸ್ಟನ್ ಒಡೆಯುವಷ್ಟು ಬಲವಾದ ಹೊಡೆತ ಅದು! ಎಣ್ಣೆಯಲ್ಲಿನ ಕ್ಯಾಲ್ಸಿಯಂ ಇದನ್ನು ಹೆಚ್ಚಿಸುತ್ತದೆಂದು ತಿಳಿದುಬಂತು. ಎಣ್ಣೆ ತಯಾರಕರು ಅದನ್ನು ತಗ್ಗಿಸಿ ಮೆಗ್ನೀಸಿಯಂ ಬಳಸತೊಡಗಿದರು. ಈ ತೊಂದರೆ ತಡೆಯಲೆಂದೇ 2018ರಲ್ಲಿ ಎಸ್‌ಎನ್ ಪ್ಲಸ್ ಬಂತು. ಎಸ್‌ಪಿ ದರ್ಜೆಯಲ್ಲಿ ಇದರ ಜೊತೆಗೆ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಸೇರಿತು.

ಹೊಸದೆಲ್ಲವೂ ಎಲ್ಲಕ್ಕೂ ಸರಿಯೇ?

ಪೆಟ್ರೋಲ್ ಕಾರುಗಳ ಮಟ್ಟಿಗೆ, ಸರಿಯಾದ ಅಂಕಿಯದೇ ಆಗಿದ್ದರೆ ಹೊಸ ದರ್ಜೆಯ ಎಣ್ಣೆಯನ್ನು ಹಳೆಯ ಕಾರಿಗೂ ಹಾಕಬಹುದೆಂದು ಎಪಿಐ ಹೇಳುತ್ತದೆ. ಡೀಸೆಲಿನಲ್ಲಿ ಹಾಗಲ್ಲ. 2016ರಲ್ಲಿ ಸಿಕೆ-4, ಎಫ್‌ಎ-4 ಎಂಬ ಎರಡು ದರ್ಜೆಗಳು ಒಟ್ಟಿಗೆ ಬಂದವು. ಸಿಕೆ-4 ಹಳೆಯ ಎಂಜಿನ್ನುಗಳಿಗೂ ಆಗುತ್ತದೆ. ಎಫ್‌ಎ-4 ಹೆಚ್ಚು ತೆಳು, ಅದನ್ನು ತಯಾರಕರು ಒಪ್ಪಿದ ಎಂಜಿನ್ನುಗಳಿಗೆ ಮಾತ್ರ ಹಾಕಬೇಕು. ಊರಿನಲ್ಲಿ ಬೈಕ್ ಇಟ್ಟವರಿಗೂ ಒಂದು ಮಾತು: ಬಹುತೇಕ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಅತಿ ನುಣುಪಾದ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು. ಅಂಥ ಬೈಕುಗಳಿಗೆ ಜಪಾನಿನ 'ಜಾಸೊ ಎಂಎ' ಗುರುತಿನ ಎಣ್ಣೆ ಬೇಕು.

ಪೋಷಕರ ಗಮನಕ್ಕೆ

ಹಳೆಯ ದರ್ಜೆಯ ಎಣ್ಣೆ ಅಂಗಡಿಯಲ್ಲಿ ಅಗ್ಗಕ್ಕೆ ಕಂಡರೆ ಅಕ್ಷರ ನೋಡದೆ ಕೊಳ್ಳಬೇಡಿ. ಎಸ್‌ಎಫ್ ದರ್ಜೆ 1988ರ ನಂತರದ ಕಾರುಗಳಿಗೆ ತಕ್ಕುದಲ್ಲ. ಎಸ್‌ಎ ಅಂತೂ 1930ರ ನಂತರದ ಯಾವ ಕಾರಿಗೂ ಆಗದು. ನಾವಿರುವ ಕೊಲ್ಲಿ ನಾಡಿನಲ್ಲಿ 'ಬಿಸಿಲು ಹೆಚ್ಚು, ಗಟ್ಟಿ ಎಣ್ಣೆಯೇ ಒಳ್ಳೆಯದು' ಎನ್ನುವವರಿದ್ದಾರೆ. ತೆಳು ಎಣ್ಣೆಗೆಂದೇ ಮಾಡಿದ ಎಂಜಿನ್ನಿಗೆ ಗಟ್ಟಿ ಎಣ್ಣೆ ಹಾಕಿದರೆ ಇಂಧನ ಹೆಚ್ಚು ಖರ್ಚಾಗುತ್ತದೆ, ಸ್ಟಾರ್ಟ್ ಮಾಡಿದಾಗ ಎಣ್ಣೆ ಎಲ್ಲ ಕಡೆಗೂ ತಲುಪುವುದು ತಡವಾಗುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಹವೆಗೆ ತಕ್ಕಂತೆ ಅಂಕಿ ಮತ್ತು ಅಕ್ಷರ ಎರಡನ್ನೂ ಕೊಟ್ಟಿರುತ್ತಾರೆ. ಅದನ್ನೇ ನಂಬಿ.

ಮಾಡಿ ನೋಡಿ

1. ಅಪ್ಪ ಅಥವಾ ಅಮ್ಮನ ಜೊತೆ ಕೂತು ಕಾರಿನ ಕೈಪಿಡಿಯಲ್ಲಿ ಎಣ್ಣೆಯ ಪುಟ ಹುಡುಕಿ, ಅಂಕಿ ಮತ್ತು ಅಕ್ಷರ ಬರೆದುಕೊಳ್ಳಿ.
2. ಮುಂದಿನ ಸಲ ಎಣ್ಣೆ ಬದಲಿಸುವಾಗ ಡಬ್ಬಿಯ ಮೇಲಿನ ಎಪಿಐ ದುಂಡು ಮುದ್ರೆಯನ್ನು ನೋಡಿ. ನಡುವೆ ಅಂಕಿ, ಮೇಲೆ ಅಕ್ಷರ ಇರುತ್ತದೆ. ಎರಡೂ ಹೊಂದುತ್ತವೆಯೇ?
3. 'ಕೀಲೆಣ್ಣೆ'ಯಂತೆ 'ಎಣ್ಣೆ' ಸೇರಿದ ಐದು ಕನ್ನಡ ಪದಗಳನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.