ವೋಲ್ಟೇಜ್ ಏರಿ ಮನೆ ಸಾಮಾನು ಸುಟ್ಟಾಗ: ಹಂತ ಹಂತವಾಗಿ

ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿಯುತ್ತದೆ, ಫ್ಯಾನು ರೊಯ್ಯನೆ ತಿರುಗುತ್ತದೆ, ಟಿವಿ ಹಿಂದೆ ಟಪ್ ಎಂದು ಸದ್ದಾಗಿ ಸುಟ್ಟ ವಾಸನೆ ಬರುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ದೀಪ ಮಂಕಾಗಿದ್ದರೆ ಬಹುಮಟ್ಟಿಗೆ ಅದು ನ್ಯೂಟ್ರಲ್ ಕಟ್. ಕಂಬದಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಇರುವುದು 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400ರ ಆಸುಪಾಸು. ನ್ಯೂಟ್ರಲ್ ತುಂಡಾದರೆ ಬೇರೆ ಬೇರೆ ಫೇಸಿನ ಮನೆಗಳು ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇರುವ ಮನೆಗೇ ಹೆಚ್ಚು ವೋಲ್ಟೇಜ್ ನುಗ್ಗುತ್ತದೆ. ‘ನಮ್ಮನೇಲಿ ಎಂಸಿಬಿ ಇದೆಯಲ್ಲ’ ಎನ್ನಬೇಡಿ. ಎಂಸಿಬಿ ನೋಡುವುದು ಕರೆಂಟಿನ ಪ್ರಮಾಣವನ್ನು, ವೋಲ್ಟೇಜನ್ನಲ್ಲ.

ಹಂತ 1: ಮೇನ್ ಆಫ್ ಮಾಡಿ
ಜೊತೆಗೆ ಇನ್ವರ್ಟರನ್ನೂ ಆಫ್ ಮಾಡಿ. ಇದನ್ನು ಮರೆಯುವವರೇ ಹೆಚ್ಚು. ಮೇನ್ ಆಫ್ ಆದರೂ ಇನ್ವರ್ಟರ್‌ನಿಂದ ಅರ್ಧ ಮನೆಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಮೀಟರ್ ಬೋರ್ಡಿನಲ್ಲಿ ಕಿಡಿ ಕಂಡರೆ ಅಥವಾ ಅದು ಬಿಸಿಯಾಗಿದ್ದರೆ ಮುಟ್ಟದೆ ಹೊರಗೆ ಬನ್ನಿ. ಬೆಂಕಿ ಕಂಡರೂ ನೀರು ಎರಚಬೇಡಿ.

ಹಂತ 2: ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ
ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದವರಿಗೂ ಮೇನ್ ಆಫ್ ಮಾಡಲು ಹೇಳಿ. ಕಂಬ ಹತ್ತಿ ‘ಜಾಯಿಂಟ್ ಹಾಕಿಬಿಡ್ತೀನಿ’ ಎನ್ನುವ ಊರಿನ ಪರಿಣತರನ್ನು ದಯವಿಟ್ಟು ತಡೆಯಿರಿ, ಅದು ಲೈನ್‌ಮನ್ ಕೆಲಸ.

ಹಂತ 3: ಫೋಟೊ ಮೊದಲು, ರಿಪೇರಿ ಆಮೇಲೆ
ಸುಟ್ಟ ಪ್ಲಗ್ಗು, ಕಪ್ಪಾದ ಅಡಾಪ್ಟರು, ಹಾಳಾದ ಸಾಮಾನಿನ ಮಾಡೆಲ್ ನಂಬರ್ ಇರುವ ಚೀಟಿ, ಎಲ್ಲದರ ಫೋಟೊ ತೆಗೆಯಿರಿ. ಮನೆ ವಿಮೆ ಇದ್ದರೆ ವಿಮಾ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವ ಮುಂಚೆ ಏನನ್ನೂ ಬಿಚ್ಚಿಸಬೇಡಿ. ಸಾಮಾನ್ಯವಾಗಿ ಕಂಪನಿ ವಾರಂಟಿ ವೋಲ್ಟೇಜ್ ಏರಿಳಿತದ ಹಾನಿಗೆ ಅನ್ವಯಿಸುವುದಿಲ್ಲ, ಆ ಆಸೆ ಬೇಡ.

ಹಂತ 4: ಒಂದೊಂದಾಗಿ ಹಾಕಿ ನೋಡಿ
ಕರೆಂಟ್ ಬಂತೆಂದು ಎಲ್ಲವನ್ನೂ ಒಟ್ಟಿಗೆ ಆನ್ ಮಾಡಬೇಡಿ. ಪ್ಲಗ್ಗುಗಳನ್ನೆಲ್ಲ ಕಿತ್ತು, ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್‌ನಲ್ಲಿ ಅಳೆಸಿ: ಫೇಸ್–ನ್ಯೂಟ್ರಲ್ ನಡುವೆ 230ರ ಸುತ್ತಮುತ್ತ, ನ್ಯೂಟ್ರಲ್–ಅರ್ಥ್ ನಡುವೆ ಹೆಚ್ಚೆಂದರೆ ಕೆಲವೇ ವೋಲ್ಟ್ ಇರಬೇಕು. ಆಮೇಲೆ ಮೊದಲು ಒಂದು ಬಲ್ಬು, ಬಳಿಕ ಫ್ಯಾನು, ಕೊನೆಗೆ ಫ್ರಿಜ್ಜು, ಟಿವಿ. ಫ್ರಿಜ್ ಆಫ್ ಆದ ಮೇಲೆ ಐದು ನಿಮಿಷವಾದರೂ ಬಿಟ್ಟು ಹಾಕಿ, ಇಲ್ಲದಿದ್ದರೆ ಉಳಿದಿದ್ದ ಕಂಪ್ರೆಸರ್ ಕೂಡ ಹೋದೀತು. ವಾಸನೆ ಬಂದ ಸಾಮಾನನ್ನು ‘ಒಂದ್ಸಲ ನೋಡೋಣ’ ಎಂದು ಹಾಕಲೇಬೇಡಿ.

ಹಂತ 5: ರಿಪೇರಿ
ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಟಿವಿ, ವಾಷಿಂಗ್ ಮಷಿನ್ ಬೋರ್ಡಿನಲ್ಲಿ ವೈರ್ ಒಳಬರುವ ಕಡೆ ಗಾಜಿನ ಫ್ಯೂಸು, ಅದರ ಹತ್ತಿರ ಸಣ್ಣ ಬಿಲ್ಲೆಯಂಥದ್ದೊಂದು ಇರುತ್ತದೆ. ಬಹಳ ಸಲ ನೀಲಿ ಬಣ್ಣದ್ದು. ಅದು ಎಂಒವಿ. ವೋಲ್ಟೇಜ್ ಮಿತಿ ಮೀರಿದಾಗ ಅದು ತಾನು ಒಡೆದು, ಫ್ಯೂಸ್ ಹಾರಿಸಿ, ಮುಂದಿನ ಭಾಗವನ್ನು ಕಾಪಾಡುತ್ತದೆ. ಅದೃಷ್ಟವಿದ್ದರೆ ಈ ಎರಡನ್ನು ಬದಲಿಸಿದರೆ ಸಾಕು, ಅವುಗಳ ಬೆಲೆ ತೀರಾ ಕಡಿಮೆ. ‘ಬೋರ್ಡೇ ಹೋಗಿದೆ ಸಾರ್’ ಎಂಬ ಮಾತು ಕೇಳಿದಾಗ ಎಂಒವಿ, ಫ್ಯೂಸು, ಕೆಪಾಸಿಟರ್ ಪರೀಕ್ಷಿಸಿದ್ದೀರಾ ಎಂದು ಕೇಳಿ. ಹಳೇ ಅಂಗಡಿಯವರು ಬಲ್ಬಿನ ಸೀರೀಸ್ ಬೋರ್ಡಿಗೆ ಹಾಕಿ ನೋಡುತ್ತಾರೆ. ಬಲ್ಬು ಪೂರ್ತಿ ಉರಿದೇ ನಿಂತರೆ ಒಳಗೆ ಶಾರ್ಟ್ ಇರುವ ಸಾಧ್ಯತೆ ಹೆಚ್ಚು. ನೀವಾಗಿ ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಶಾಕ್ ಹೊಡೆಯುವಷ್ಟು ಚಾರ್ಜ್ ಹಿಡಿದಿಟ್ಟಿರುತ್ತದೆ. ಹಳೇ ಬಿಡಿಭಾಗ ವಾಪಸ್ ಕೇಳಿ, ಬಿಲ್ಲಿನಲ್ಲಿ ‘ಹೆಚ್ಚು ವೋಲ್ಟೇಜಿನಿಂದ ಹಾಳಾಗಿದೆ’ ಎಂದು ಬರೆಸಿಕೊಳ್ಳಿ.

ಹಂತ 6: ಪರಿಹಾರ ಕೇಳಿ
ಸುಲಭವಾಗಿ ಸಿಗುವುದಿಲ್ಲ, ಆದರೂ ಕೇಳಬೇಕು. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸರ್‌ಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ ಬರುವವರೂ ದೂರು ಕೊಡಬಹುದು. ಕೆಲಸವಾಗದಿದ್ದರೆ ವಿದ್ಯುತ್ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಎರಡಕ್ಕೂ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಆಧಾರವಿದೆ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ, ಅಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಬೀದಿಯ ಹತ್ತು ಮನೆಯವರು ಸೇರಿ ಅರ್ಜಿ ಹಾಕಿದರೆ ‘ನಿಮ್ಮ ಮನೆ ವೈರಿಂಗೇ ಸರಿಯಿಲ್ಲ’ ಎನ್ನುವುದು ಕಂಪನಿಯವರಿಗೆ ಕಷ್ಟ.

ಹಂತ 7: ಮುಂದಿನ ಸಲಕ್ಕೆ
ಮೇನ್ ಬೋರ್ಡಿನಲ್ಲಿ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ. ವೋಲ್ಟೇಜ್ ಮಿತಿ ಮೀರಿದರೆ ಇಡೀ ಮನೆಯ ಸಂಪರ್ಕ ಕಡಿದು, ಸರಿಯಾದ ಮೇಲೆ ತಾನೇ ಕೊಡುತ್ತದೆ. ಸಿಡಿಲು ಹೆಚ್ಚಿರುವ ಮಲೆನಾಡು, ಕರಾವಳಿಯವರು ಸರ್ಜ್ ಪ್ರೊಟೆಕ್ಟರನ್ನೂ ಹಾಕಿಸಬೇಕು. ಅದು ಕೆಲಸ ಮಾಡುವುದು ಅರ್ಥಿಂಗ್ ಗಟ್ಟಿಯಾಗಿದ್ದರೆ ಮಾತ್ರ. ಹಾಗಾಗಿ ಏಪ್ರಿಲ್ ಗುಡುಗು ಶುರುವಾಗುವ ಮೊದಲೇ ಅರ್ಥಿಂಗ್ ಗುಂಡಿ ನೋಡಿಸಿ, ಮಳೆ ಗುಡುಗುವಾಗ ಟಿವಿಯ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಕಿತ್ತಿಡಿ.