ನಿಂತ ಪಾದ, ನಡೆಯುವ ಪಾದ



ಸ್ನಾನ ಮಾಡಿದ ಮಗು ಒದ್ದೆ ಕಾಲಿನಿಂದ ಜಗಲಿಯ ಮೇಲೆ ನಿಂತಾಗ ಪಾದದ ಅಚ್ಚು ಮೂಡುವುದನ್ನು ನೀವು ನೋಡಿರುತ್ತೀರಿ. ಅಚ್ಚಿನ ಒಳಬದಿಯಲ್ಲಿ ಬಾಗಿದ ಖಾಲಿ ಜಾಗವಿದ್ದರೆ ಪಾದಕ್ಕೆ ಕಮಾನು ಇದೆಯೆಂದೂ, ಇಡೀ ಅಂಗಾಲು ಮೂಡಿದರೆ ಚಪ್ಪಟೆ ಪಾದವೆಂದೂ ಹೇಳುತ್ತಾರೆ. ಇದನ್ನು ಕಂಡು ಮಗು ಸರಿಯಾಗಿ ನಡೆಯಲಾರದೆಂದು ಚಿಂತಿಸುವವರೂ, ಸೊಸೆಯ ಕಾಲ್ಗುಣವನ್ನು ಹಳಿಯುವವರೂ ಉಂಟು. ಇದು ತಪ್ಪು ತಿಳಿವಳಿಕೆ.

ನಡೆಯುವಾಗ ಏನಾಗುತ್ತದೆ?

ಕೊಟ್ಟಿಗೆಯಲ್ಲಿ ನಿಂತ ಎತ್ತನ್ನು ನೋಡಿ ಯಾರೂ ಕೊಳ್ಳುವುದಿಲ್ಲ, ನಡೆಸಿ ನೋಡುತ್ತಾರೆ. ಪಾದವೂ ಹಾಗೆಯೇ. ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಸಮನೆಲದಲ್ಲಿ ಹಿಮ್ಮಡಿ ಊರಿದೊಡನೆ ಕಮಾನು ತುಸು ತಗ್ಗಿ ಭಾರವನ್ನು ತಾಳಿಕೊಳ್ಳುತ್ತದೆ. ಹಿಮ್ಮಡಿ ಮೇಲೆದ್ದು ಹೆಬ್ಬೆರಳು ಬಾಗಿದಾಗ ಅಂಗಾಲಿನ ಗಟ್ಟಿಪಟ್ಟಿ ಬಿಗಿದು, ಕಮಾನು ಏರಿ, ಪಾದವು ನೆಲವನ್ನು ತಳ್ಳುತ್ತದೆ. ನಿಂತ ಪಾದದ ಆಕಾರವು ಈ ಚಲನೆಯನ್ನು ಅಲ್ಪಸ್ವಲ್ಪ ಸೂಚಿಸಬಲ್ಲದೇ ಹೊರತು ಪೂರ್ತಿಯಾಗಿ ತಿಳಿಸಲಾರದು.

ಮನೆಯಲ್ಲಿಯೇ ನೋಡಿರಿ

ಮಗುವನ್ನು ತುದಿಗಾಲಿನ ಮೇಲೆ ನಿಲ್ಲಿಸಿರಿ. ಕಮಾನು ಕಾಣಿಸಿಕೊಂಡರೆ, ನೋವೂ ಇಲ್ಲದಿದ್ದರೆ, ಚಿಕಿತ್ಸೆ ಬೇಡ. ಎಳೆಯ ಮಕ್ಕಳ ಪಾದದಲ್ಲಿ ಕೊಬ್ಬಿರುವುದರಿಂದ ಕಮಾನು ಕಾಣದು. ಬೆಳೆದಂತೆ ಅದು ಮೂಡುತ್ತದೆ. ಇದಕ್ಕಾಗಿ ದುಬಾರಿ ಬೂಟು ಕೊಳ್ಳಬೇಕಾಗಿಲ್ಲ.

ಗರ್ಭಿಣಿಯ ಪಾದ

ಗರ್ಭಧಾರಣೆಯಲ್ಲಿ ದೇಹದ ಭಾರ ಹೆಚ್ಚಿ, ಕೀಲುಗಳ ಕಟ್ಟುಗಳು ಸಡಿಲವಾಗುವುದರಿಂದ ಕಮಾನು ತಗ್ಗಬಹುದು. ಹಳೆಯ ಚಪ್ಪಲಿ ಬಿಗಿಯಾಗಬಹುದು. ನೀರು ಹೊರುವ ಕೆಲಸವನ್ನು ಪತಿಯು ವಹಿಸಿಕೊಳ್ಳಲಿ. ಆದರೆ ಮುಖ, ಕೈಗಳು ಊದಿಕೊಂಡು, ತಲೆನೋವು ಬಂದು, ಕಣ್ಣು ಮಂಜಾದರೆ ಅದು ಅಪಾಯದ ಚಿಹ್ನೆ. ಅಂದೇ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ವೈದ್ಯರಿಗೆ ಯಾವಾಗ ತೋರಿಸಬೇಕು?

1. ಪಾದದಲ್ಲಿ ನೋವಿದ್ದರೆ ಅಥವಾ ಮಗು ಕುಂಟಿದರೆ.
2. ಒಂದೇ ಪಾದ ಚಪ್ಪಟೆಯಾಗಿದ್ದರೆ, ಇಲ್ಲವೇ ತುದಿಗಾಲಿನಲ್ಲಿ ನಿಂತರೂ ಕಮಾನು ಮೂಡದಿದ್ದರೆ.
3. ಹುಟ್ಟಿದ ಮಗುವಿನ ಪಾದ ಒಳಕ್ಕೆ ತಿರುಗಿದ್ದರೆ. ಇದು ಗ್ರಹಣದ ದೋಷವಲ್ಲ, ತಾಯಿಯ ತಪ್ಪೂ ಅಲ್ಲ. ಮೊದಲ ವಾರಗಳಲ್ಲಿಯೇ ಆರಂಭಿಸಿ, ವಾರವಾರವೂ ಪ್ಲಾಸ್ಟರ್ ಬದಲಿಸುತ್ತಾ ಹೋದರೆ ಬಹುಪಾಲು ಮಕ್ಕಳ ಪಾದ ನೇರವಾಗುತ್ತದೆ. ಆಮೇಲೆ ಕೊಡುವ ಪಟ್ಟಿಬೂಟನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ಹಾಕಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ನ್ಯೂನತೆಗೆ ಉಚಿತ ಚಿಕಿತ್ಸೆ ಉಂಟು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಮೈಸೂರಿನ ಸುತ್ತಿನವರು ಕೃಷ್ಣರಾಜೇಂದ್ರ ಆಸ್ಪತ್ರೆಯ ಮೂಳೆ ಚಿಕಿತ್ಸಾ ವಿಭಾಗಕ್ಕೂ ಬರಬಹುದು.

ನೆನಪಿಡಿರಿ: ಅಚ್ಚನ್ನು ನೋಡಿ ಅಂಜದಿರಿ, ನಡಿಗೆಯನ್ನು ನೋಡಿ ತೀರ್ಮಾನಿಸಿರಿ.